ಒಂದು ಕಾಲು ಹಿಂದಕ್ಕೆ

ಮಹೇಂದ್ರ ನನ್ನ ಕಾಲುಗಳನ್ನು ಅಷ್ಟು ಹೊತ್ತು ದಿಟ್ಟಿಸಿದ್ದು ಅದೇ ಮೊದಲು. ನನ್ನ ಕೆನ್ನೆ ಬಿಸಿಯಾಯಿತು. ಅವನು ನೋಡುತ್ತಿದ್ದದ್ದು ಮಾತ್ರ ಈಜುಕೊಳದ ಅಂಚಿನ ಸ್ಟಾರ್ಟಿಂಗ್ ಬ್ಲಾಕಿನ ಮೇಲೆ ಅವು ಮಡಚಿಕೊಂಡ ರೀತಿಯನ್ನು. ನನ್ನ ಹಣೆಬರಹವೇ ಇಷ್ಟು.

ನಾನು ಹೇಮಶ್ರೀ, ಪಂಚನಹಳ್ಳಿಯವಳು, ಇಪ್ಪತ್ತಮೂರು ವರ್ಷ. ಎತ್ತರ ಐದು ಅಡಿ ಹನ್ನೊಂದು ಇಂಚು; ನೋಡಲು ಬಂದ ಗಂಡುಗಳು ಕಾಫಿ ಮುಗಿಸುವ ಮೊದಲೇ ಎದ್ದು ಹೋಗಿದ್ದಾರೆ. ಯಗಟಿಯ ಮಹೇಂದ್ರ ನನ್ನ ಭುಜದಷ್ಟಿದ್ದಾನೆ, ಗಟ್ಟಿ ಆಳು. ಕಡೂರಿನ ಈಜುಕೊಳದಲ್ಲಿ ಎರಡು ವರ್ಷದಿಂದ ಜೊತೆಯಲ್ಲೇ ಈಜುತ್ತಿದ್ದೆವು.

ಅವನು ಈಜು ಕಲಿತದ್ದು ತೆಂಗಿನ ತೋಟದ ಬಾವಿಯಲ್ಲಿ. ಅಲ್ಲಿ ಒಳಗೆ ಚಾಚಿದ ಕಲ್ಲಿನ ಮೇಲೆ ಎರಡು ಪಾದ ಜೋಡಿಸಿದರಷ್ಟೇ ಜಾಗ. ಈಗಲೂ ಹಾಗೇ ನಿಂತು, ಮೊಣಕಾಲು ಮಡಚಿ, ಕಪ್ಪೆಯಂತೆ ಚಿಮ್ಮುತ್ತಾನೆ. ನಾನೂ ಹಾಗೆಯೇ ನಿಲ್ಲಲು ಕಲಿತೆ. ಅವನ ಅಭ್ಯಾಸವೊಂದು ನನ್ನ ಮೈಯಲ್ಲಿರಲಿ ಎಂಬ ಆಸೆ, ಇನ್ನೇನು.

ಆದರೆ ಪ್ರತಿ ಸ್ಪರ್ಧೆಯಲ್ಲೂ ಹೊರಡುವಾಗಲೇ ಹಿಂದೆ ಬೀಳುತ್ತಿದ್ದೆ. ಇನ್ನು ಹತ್ತು ದಿನಕ್ಕೆ ದಾವಣಗೆರೆಯಲ್ಲಿ ಆಯ್ಕೆ ಸ್ಪರ್ಧೆ. ಆಯ್ಕೆಯಾದರೆ ಒಂದು ವರ್ಷ ಮೈಸೂರಿನ ತರಬೇತಿ ಕ್ಯಾಂಪ್. ಇಲ್ಲವಾದರೆ ಈಜಿದ್ದು ಸಾಕು, ಮನೆಯಲ್ಲಿರು ಎಂದು ಅಪ್ಪ ಹೇಳಿಯಾಗಿತ್ತು.

"ಒಂದು ಕಾಲು ಹಿಂದಕ್ಕಿಡು," ಎಂದ ಮಹೇಂದ್ರ. "ನಾನು ಗಿಡ್ಡ, ಎರಡೂ ಕಾಲಲ್ಲಿ ಒದ್ರೆ ಸಾಕು. ನಿಂದು ಉದ್ದ ಕಾಲು ಕಣೇ. ಮಡಚಿ ಬಿಚ್ಚೋ ಹೊತ್ಗೆ ಬೇರೆಯವ್ರು ನೀರಲ್ಲಿರ್ತಾರೆ."

ಇದು ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಅವನು ಒದ್ದೆ ಟವೆಲ್ ಹಿಂಡುತ್ತಾ ನಿಂತ.

"ಹೋದ್ವರ್ಷಾನೇ. ಹೇಳಿದ್ರೆ ನೀನು ಗೆದ್ದು ಹೊರಟೋಗ್ತೀಯ ಅಂತ ಸುಮ್ನಿದ್ದೆ. ತಪ್ಪಾಯ್ತು."

ಈಜುಟೋಪಿ ಕಿತ್ತು ನೆಲಕ್ಕೆ ಬಡಿದೆ. ಮೂರು ಸ್ಪರ್ಧೆ ಸೋತು ಬಚ್ಚಲಲ್ಲಿ ಅತ್ತವಳು ನಾನು. ಆದರೂ ನಾನಿಲ್ಲದೆ ಇರಲಾರ ಎಂಬ ಸುಖ ಆ ಸಿಟ್ಟಿಗೇ ಬೆರೆತುಹೋಯಿತು.

ಹತ್ತು ದಿನ ಅವನೊಡನೆ ಮಾತಾಡದೆ, ಬಲಗಾಲು ಹಿಂದಿಟ್ಟು ಹಾರಿದ್ದೇ ಹಾರಿದ್ದು. ಅವನು ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದ. ನನ್ನ ಟೈಮ್ ಕಡಿಮೆಯಾದಷ್ಟೂ ಅವನ ಮುಖ ಸಣ್ಣದಾಗುತ್ತಿತ್ತು. ಆದರೆ ಟೈಮ್ ಓದುವಾಗ ಒಂದು ಸಲವೂ ಸುಳ್ಳು ಹೇಳಲಿಲ್ಲ. ಓಡಿಹೋಗಿ ತಬ್ಬಿಕೊಳ್ಳಬೇಕು ಅನ್ನಿಸುತ್ತಿತ್ತು.

ದಾವಣಗೆರೆಯಲ್ಲಿ ಎರಡನೆಯವಳಾಗಿ ಆಯ್ಕೆಯಾದೆ. ಅವನು ಜೋರಾಗಿ ಚಪ್ಪಾಳೆ ತಟ್ಟಿ, ಆಮೇಲೆ ಅತ್ತ ತಿರುಗಿ ಕಣ್ಣೊರೆಸಿಕೊಂಡ. ಮೈಯಿಂದ ನೀರು ತೊಟ್ಟಿಕ್ಕುತ್ತಿದ್ದಂತೆಯೇ ಹೋಗಿ ಅವನ ಕೈ ಹಿಡಿದೆ.

"ಒಂದು ವರ್ಷ ಹೋಗ್ಬತ್ತೀನಿ ಕಣೋ. ಅಷ್ಟರಲ್ಲಿ ನಮ್ಮನೆಗೆ ಹೋಗಿ ಹೆಣ್ಣು ಕೇಳು. ಗಿಡ್ಡ ಅಂದ್ರೆ ತಲೆ ತಗ್ಗಿಸ್ಬೇಡ. ನಿಮ್ಮ ಮಗಳು ಒಪ್ಪಿ ಎರಡು ವರ್ಷ ಆಯ್ತು ಅನ್ನು."