ಹಿತ್ತಿಲ ಗೋಡೆಯ ಅಡಿಪಾಯ

"ಮನೆಯ ಬುಡ ನೋಡೋಕೆ ಮನುಷ್ಯರನ್ನ ಕಳಿಸಿ ಅಂದ್ರೆ ಹೆಗ್ಗಣ ಕರ್ಕೊಂಡು ಬಂದಿದ್ದೀಯಲ್ಲೋ, ಟ್ರೆಂಬಾತ್! ಪೆಂಡರ್ ಮಗ ತಾನೇ ಇವನು? ಹದಿನೈದಕ್ಕೇ ಸ್ಕೂಲು ಬಿಟ್ಟು ಓಡಿದೋನು. ಹೆಸರು ಬರೆಯೋಕಾದ್ರೂ ಬರುತ್ತಾ?"

ಕ್ಲೆಮ್ ನ್ಯಾನ್‌ಕ್ಯಾರೋ ನನ್ನನ್ನು ತೋರಿಸಿ ಇದನ್ನು ಹೇಳಿದ್ದು ತನ್ನ ಅಡುಗೆಮನೆಯಲ್ಲಿ, ಎಲ್ಲರೆದುರು. ಮನೆ ಕೊಳ್ಳಲು ಬಂದ ಗಂಡ ಹೆಂಡತಿ ನೆಲ ನೋಡಿದರು. ಮನೆ ಏಜೆಂಟು ಕೆಮ್ಮಿದ. ನನ್ನ ಯಜಮಾನ ಟ್ರೆಂಬಾತ್ ಮಂಡಿನೋವಿನ ಕಾಲು ಸವರಿಕೊಂಡು, "ಕೆಲಸಗಾರ ಕಣಯ್ಯ, ಬಿಡು," ಎಂದು ನಕ್ಕ.

ನನಗೆ ಮೈಯೆಲ್ಲ ಉರಿಯಿತು. ಬರೆಯಲು ಬರುತ್ತದೆ ನನಗೆ. ನಿನ್ನ ಮನೆಯ ಹಣೆಬರಹವನ್ನೇ ಬರೆಯಲು ಬಂದಿದ್ದೇನೆ, ಮುದುಕ. ಹಾಗೆಂದು ಹೇಳಬೇಕೆನಿಸಿತು. ಹೇಳಲಿಲ್ಲ. ಅವನ ಹಿಂದೆ ಮೆರಿನ್ ನಿಂತಿದ್ದಳು.

ಅವನ ಮಗಳು. ನನ್ನ ಮೆರಿನ್.

ಚಹಾದ ತಟ್ಟೆ ಹಿಡಿದಿದ್ದಳು. ಕಿವಿಯ ತುದಿವರೆಗೂ ಕೆಂಪಾಗಿದ್ದಳು. ತಟ್ಟೆಯನ್ನು ಒಂದಿಷ್ಟೇ ತಿರುಗಿಸಿ, ಎಲ್ಲಕ್ಕಿಂತ ದೊಡ್ಡ ಕೇಸರಿ ಬನ್ನು ನನ್ನೆದುರು ಬರುವಂತೆ ಮಾಡಿದಳು. ರೆಪ್ಪೆ ಒಮ್ಮೆ ಮೇಲೆದ್ದು ಕೆಳಗಿಳಿಯಿತು. ಅಷ್ಟರಲ್ಲೇ ನನ್ನ ಸಿಟ್ಟು ಅರ್ಧ ಇಳಿಯಿತು. ನಮ್ಮಿಬ್ಬರ ವಿಷಯ ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಮಾರ್ಚ್‌ನಲ್ಲಿ ಪೇಸ್ಟಿ ಕಡುಬಿನ ಅಂಗಡಿಯ ಮುಂದೆ ಅವಳೇ ಬಂದು ನಮ್ಮ ವ್ಯಾನಿನೊಳಗೆ ಇಣುಕಿದ್ದಳು. "ಈ ಪೆಟ್ಟಿಗೆಗಳಲ್ಲಿ ಏನಿದೆ? ಇಲಿಗಳ ಹೆಣಾನಾ?"

"ಮನೆಗಳ ಎಲುಬು," ಎಂದಿದ್ದೆ.

ಆಮೇಲೆ ಒಂದು ಗಂಟೆ ಮಾತಾಡಿದೆ. ನನ್ನ ಕೆಲಸದ ಬಗ್ಗೆ ಯಾವ ಹುಡುಗಿಯೂ ಕೇಳಿದವಳಲ್ಲ. ನಮ್ಮ ಕ್ಯಾಂಬೋರ್ನ್ ಊರಿನ ಸುತ್ತಮುತ್ತ ಹಳೆಯ ಮನೆಗಳನ್ನು ಗಣಿಯ ಕಸ ಕಲಸಿದ ಕಾಂಕ್ರೀಟಿನಲ್ಲೇ ಕಟ್ಟಿದ್ದಾರೆ. ಆ ಕಸದ ಕಲ್ಲಿಗೆ ಮಂಡಿಕ್ ಎನ್ನುತ್ತೇವೆ. ತೇವ ಕುಡಿದರೆ ಅದು ಒಳಗಿಂದೊಳಗೇ ಊದಿ, ಮನೆಯನ್ನು ಪುಡಿಮಾಡುತ್ತದೆ. ಹೊರಗೆ ಸುಣ್ಣ ಬಣ್ಣ ನಗುತ್ತಲೇ ಇರುತ್ತದೆ. ಅದಕ್ಕೇ ನಾವು ಅಡಿಪಾಯ ಕೊರೆದು, ತುಂಡು ತೆಗೆದು, ಪ್ರಯೋಗಾಲಯಕ್ಕೆ ಕಳಿಸುವುದು. ಚೆನ್ನಾಗಿದೆ ಎಂಬ ಕಾಗದ ಬರದೆ ವಕೀಲರು ಕ್ರಯಪತ್ರ ಮುಟ್ಟುವುದಿಲ್ಲ, ಬ್ಯಾಂಕು ಸಾಲ ಕೊಡುವುದಿಲ್ಲ.

ಈ ಮನೆ ಮಾರಾಟವಾದರೆ ಮಗಳಿಗೊಂದು ಪಾಲು ಕೊಡುತ್ತೇನೆಂದು ಕ್ಲೆಮ್ ಮಾತು ಕೊಟ್ಟಿದ್ದ. ಆ ದುಡ್ಡಿನಲ್ಲಿ ಫಾಲ್ಮತ್‌ನಲ್ಲಿ ಎರಡು ಕೋಣೆಯ ಫ್ಲ್ಯಾಟು. ಅವಳು ಮತ್ತು ನಾನು. ಪರದೆಯ ಬಣ್ಣ ಕೂಡ ಆರಿಸಿಟ್ಟಿದ್ದಳು.

ಆವತ್ತು ಕ್ಲೆಮ್ ಮನೆಯಲ್ಲಿ ಮೂರು ಕಡೆ ತುಂಡುಗಳು ಗಟ್ಟಿಯಾಗಿ, ಬೂದು ಬಣ್ಣದಲ್ಲಿ, ಬಾರಿಸಿದರೆ ಠಣ್ ಎನ್ನುವಂತೆ ಬಂದವು. ಕೊನೆಯದು ಹಿತ್ತಿಲ ಗೋಡೆ. ಮಣ್ಣು ತೋಡಿ, ಗುಂಡಿಗಿಳಿದು, ಡ್ರಿಲ್ ಒತ್ತಿದೆ.

ಅದು ತಡೆಯಲೇ ಇಲ್ಲ. ಹಾಗೇ ಒಳಕ್ಕೆ ಹೋಯಿತು.

ಡ್ರಿಲ್ ಹಿಂದಕ್ಕೆಳೆದರೆ ತುಂಡಿಲ್ಲ. ಕಂದು ಬಣ್ಣದ ಒದ್ದೆ ಪುಡಿ ಅಂಗೈ ಮೇಲೆ ಸುರಿಯಿತು. ಸುಟ್ಟ ಪಟಾಕಿ ಮದ್ದಿನ ವಾಸನೆ. ತಲೆಯೆತ್ತಿ ನೋಡಿದೆ. ಎರಡು ಅಂತಸ್ತು, ಒಂದು ಚಿಮಣಿ, ಎಲ್ಲ ನನ್ನ ನೆತ್ತಿಯ ಮೇಲೆ. ಮೇಲಿನ ಕಿಟಕಿಯಿಂದ ಆ ಕೊಳ್ಳುವವಳ ದನಿ ಕೇಳಿಸಿತು. "ತೊಟ್ಟಿಲು ಇಲ್ಲೇ ಇಡೋಣ ರೀ, ಗೋಡೆಗೆ ಒತ್ತಿ."

"ಪೆರನ್?" ಗುಂಡಿಯ ಅಂಚಿನಲ್ಲಿ ಮೆರಿನ್ ಕೂತಿದ್ದಳು. "ಮುಖ ಯಾಕೋ ಹಾಗಿದೆ? ಅಪ್ಪ ಅಂದಿದ್ದು ಇನ್ನೂ ಚುಚ್ತಾ ಇದೆಯಾ, ನನ್ನ ಹೆಗ್ಗಣ?"

ಅಂಗೈ ಚಾಚಿದೆ. ಅವಳ ನಗು ನಿಂತಿತು. ಆದರೆ ಅವಳಿಗೆ ಆಶ್ಚರ್ಯವಾಗಲಿಲ್ಲ. ನಾನು ಹೆದರಿದ್ದು ಆಗ.

"ಮೆರಿನ್, ನಿನ್ನ ಮಂಚ ಯಾವ ಕಡೆ ಇರೋದು?"

"ಇದೇ ಗೋಡೆಗೆ."

"ಎಷ್ಟು ವರ್ಷದಿಂದ?"

"ಹುಟ್ಟಿದಾಗಿಂದ." ಅವಳು ತಗ್ಗಿದ ದನಿಯಲ್ಲಿ ಬೇಗಬೇಗ ಮಾತಾಡಿದಳು. "ಕೇಳು. ಮುಂದಿನ ಪಡಸಾಲೆ ಅಪ್ಪ ಆಮೇಲೆ ಕಟ್ಟಿಸಿದ್ದು, ಹೊಸ ಕಾಂಕ್ರೀಟು. ಅಲ್ಲಿಂದ ಇನ್ನೊಂದು ತುಂಡು ತೆಗಿ. ಚೀಲದ ಮೇಲೆ ಹಿತ್ತಿಲು ಅಂತ ಬರಿ. ಬರೆಯೋನು ನೀನೇ ಅಲ್ವಾ? ಟ್ರೆಂಬಾತ್ ಗುಂಡಿಗೆ ಇಳಿಯಲ್ಲ."

"ನಿನಗೆ ಮೊದಲೇ ಗೊತ್ತಿತ್ತಾ?"

ಅವಳು ಹುಲ್ಲು ಕಿತ್ತಳು. "ಜನವರೀಲಿ. ಮಂಚದ ಹಿಂದೆ ಉಂಗುರ ಬಿತ್ತು. ತೆಗೆಯೋಕೆ ಹೋದ್ರೆ ಬೆರಳು ಗೋಡೆಯೊಳಗೇ ಹೋಯ್ತು."

"ನೀನು ವ್ಯಾನ್ ಹತ್ರ ಬಂದಿದ್ದು ಮಾರ್ಚ್‌ನಲ್ಲಿ."

"ಪೆರನ್..."

"ಇವತ್ತು ನನ್ನನ್ನೇ ಕಳಿಸಿ ಅಂತ ಆಫೀಸಿಗೆ ಫೋನ್ ಮಾಡಿದ್ದು ಯಾರು?"

ಅವಳು ಕಿತ್ತ ಹುಲ್ಲನ್ನು ಬೆರಳಿಗೆ ಸುತ್ತಿಕೊಂಡಳು. ಗೋಡೆಯೊಳಗಿಂದ ಪುಡಿ ಇನ್ನೂ ಸಣ್ಣಗೆ ಉದುರುತ್ತಿತ್ತು. ಐದು ತಿಂಗಳು. ಪ್ರತಿ ಗುರುವಾರ ಪೋರ್ಟ್‌ರೀತ್ ಸಮುದ್ರದಂಡೆ. ಆ ಪ್ರೀತಿಯ ಕೆಳಗೂ ಇದೇ ಪುಡಿಯೇ?

"ಮೊದಲನೇ ದಿನ ಅದಕ್ಕೇ ಬಂದೆ," ಎಂದಳು. ಕಣ್ಣು ತುಂಬಿತ್ತು, ಆದರೂ ನನ್ನನ್ನೇ ನೋಡುತ್ತಿದ್ದಳು. "ಸುಳ್ಳು ಹೇಳಲ್ಲ. ರಾತ್ರಿಯೆಲ್ಲ ಬಟ್ಟೆ ತೊಟ್ಟೇ ಮಲಗ್ತೀನಿ ಕಣೋ, ಓಡೋಕೆ. ಈ ಮನೆ ಮಾರಾಟವಾಗದೆ ನಾವ್ಯಾರೂ ಹೊರಗೆ ಹೋಗೋ ಹಾಗಿಲ್ಲ. ಎರಡನೇ ದಿನ ದಂಡೇಲಿ ದೊಡ್ಡ ಅಲೆ ಬಂತು. ನೀನು ಹೆದರಿ ನನ್ನ ತೋಳು ಹಿಡಿದೆ. ಇಷ್ಟುದ್ದದ ಗಂಡಸು! ಆವತ್ತಿಂದ ಅದಕ್ಕಲ್ಲ. ಆವತ್ತಿಂದ ನಿನಗೋಸ್ಕರ."

ಮೇಲೆ ಆ ಹೆಂಗಸು ಏನಕ್ಕೋ ನಕ್ಕಳು. ಅವಳ ಗಂಡ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡುವ ಸದ್ದು ಕೇಳಿಸಿತು.

ಪುಡಿಯನ್ನು ಚೀಲಕ್ಕೆ ಸುರಿದೆ. ಅದನ್ನು ಮಂಡಿಗೊತ್ತಿಕೊಂಡು ಪೆನ್ಸಿಲಿನಲ್ಲಿ ಬರೆದೆ. ಹಿತ್ತಿಲ ಗೋಡೆ, ಅಡಿಪಾಯ. ಕಾಗುಣಿತ ಸರಿಯಾಗಿದೆಯೇ ಎಂದು ಎರಡು ಸಲ ನೋಡಿದೆ.

ಗುಂಡಿಯಿಂದ ಮೇಲೆ ಬರಲು ಅವಳೇ ಕೈ ಕೊಟ್ಟಳು. ಹಿಡಿದು ಹತ್ತಿದೆ. ಅವಳು ಕೈ ಬಿಡಲಿಲ್ಲ. ಚೀಲದ ಮೇಲಿನ ಅಕ್ಷರ ಓದಿದಳು, ಆಮೇಲೆ ನನ್ನ ಮುಖವನ್ನು ಓದಿದಳು.

"ಇವತ್ತು ರಾತ್ರಿ ಮುಂದಿನ ಕೋಣೇಲಿ ಮಲಗು," ಎಂದೆ. "ಎಲ್ಲರೂ ಅಲ್ಲೇ ಮಲಗಿ. ಆ ಮಂಚ ಮುಟ್ಟಬೇಡ."

"ಅದಿರ್ಲಿ. ಎರಡನೇ ದಿನದ್ದನ್ನ ನಂಬ್ತೀಯಾ?"

ನಂಬಿದ್ದೆ. ಅವಳ ಬಿಸಿ ಅಂಗೈ ನನ್ನ ಅಂಗೈಯಲ್ಲಿತ್ತು, ನಂಬದಿರಲು ಹೇಗೆ ಸಾಧ್ಯ? ಆದರೆ ಹೂಂ ಎಂದರೆ ಅದರ ಬೆನ್ನಿಗೇ ಚೀಲವೂ ಅವಳ ಕೈಗೆ ಹೋಗಿಬಿಡುತ್ತದೆಂದು ನನಗೆ ಗೊತ್ತಿತ್ತು. ಜೀವನದಲ್ಲಿ ನಾನು ಅಷ್ಟು ಹೆದರಿದ್ದು ಅದೊಂದೇ ಸಲ, ಅದೂ ನನ್ನ ಬಾಯಿಗೆ.

ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡೆ. ಪೆಟ್ಟಿಗೆ ಎತ್ತಿಕೊಂಡೆ. ವ್ಯಾನಿನತ್ತ ನಡೆದೆ.

"ಪೆರನ್, ಅಷ್ಟಾದ್ರೂ ಹೇಳಿ ಹೋಗೋ!"

ನಡೆಯುತ್ತಲೇ ಇದ್ದೆ.