ಮೂವತ್ತೆರಡು ಇಂಚಿನ ಟಿವಿ

"ಹಿಡ್ಕೋ ಈ ತುದಿ," ಎಂದು ಅಮ್ಮ ಅಳತೆ ಟೇಪನ್ನು ಅಣ್ಣನ ಎಡಗಡೆಯಿಂದ ಚಾಚಿದಳು.

ಅಣ್ಣ ಹಿಡಿಯಲಿಲ್ಲ. ಟೇಪು ಜಾರಿ ನೆಲಕ್ಕೆ ಬಿತ್ತು.

"ಎಲ್ಲಿದೆಯೋ ನಿನ್ನ ಧ್ಯಾನ?"

"ಟಿವಿ ಮೇಲೆ," ಎಂದ ಅಣ್ಣ.

ಹೊಸ ಟಿವಿ ಇನ್ನೂ ಬಂದೇ ಇರಲಿಲ್ಲ. ಮೂವರೂ ನಕ್ಕರು. ಆ ಮನೆಯಲ್ಲಿ ನಗು ಕೇಳಿ ಎರಡು ತಿಂಗಳಾಗಿತ್ತು.

ತಂಗಿ ಕಡ್ಡಿ, ಟೇಪಿನ ತುದಿ ಎತ್ತಿಕೊಂಡು ಕಿಟಕಿಯ ಚೌಕಟ್ಟಿಗೆ ಒತ್ತಿ ಹಿಡಿದಳು. ಅವಳಿಗೆ ಹತ್ತು ವರ್ಷ. ಕಡ್ಡಿಯಂತಿದ್ದಾಳೆ ಎಂದು ಅಣ್ಣ ಇಟ್ಟ ಹೆಸರು, ಈಗ ಇಡೀ ಬಿಲ್ಡಿಂಗಿಗೇ ಅವಳು ಕಡ್ಡಿ. ಅಮ್ಮ ಟೇಪನ್ನು ಬೀರುವಿನವರೆಗೆ ಎಳೆದಳು.

"ನಲವತ್ತು. ಆ ಕಡೆ ಒಂದು, ಈ ಕಡೆ ಒಂದು ಇಂಚು ಲೂಸ್ ಬಿಟ್ರೆ ಮೂವತ್ತೆಂಟು."

ಅಮ್ಮ ಬಟ್ಟೆ ಹೊಲಿಯುವವಳು. ಗೋಡೆಗೂ ಲೂಸ್ ಬಿಡುವವಳು.

"ಹಾಗಾದ್ರೆ ನಲವತ್ಮೂರು ಇಂಚಿಂದು ಹಿಡಿಯಲ್ವಾ?" ಕಡ್ಡಿಯ ಮುಖ ಸಣ್ಣಗಾಯಿತು.

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಗೋಡೆ ಇದ್ದಷ್ಟು ಟಿವಿ ತರಬೇಕು."

ಅವರದು ಒಂದೇ ಕೋಣೆಯ ಮನೆ. ಗೋಡೆಗೆ ಐದಡಿ ದೂರದಲ್ಲಿ ಮಂಚ, ಮಂಚದ ಹಿಂದೆ ಅಮ್ಮನ ಹೊಲಿಗೆ ಯಂತ್ರ. ಅಪ್ಪ ತೀರಿಕೊಂಡ ಮೇಲೆ ಅಣ್ಣನೇ ಕಂಪನಿಯೊಂದರ ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಿದ್ದ. ಎರಡು ತಿಂಗಳ ಹಿಂದೆ ಗೋದಾಮಿನಲ್ಲಿ ಮೇಲಿನ ಸಾಲಿನಿಂದ ಒಂದು ಪೆಟ್ಟಿಗೆ ಅವನ ತಲೆಯ ಮೇಲೆ ಬಿತ್ತು. ಹನ್ನೊಂದು ಹೊಲಿಗೆ. ಆಸ್ಪತ್ರೆಯಿಂದ ಬಂದವನು ಸೂರು ನೋಡುತ್ತಾ ಮಲಗಿಬಿಟ್ಟಿದ್ದ. ಜೊತೆಯ ಡ್ರೈವರ್ ಒಬ್ಬ ತನ್ನ ಹಳೆಯ ಗೇಮ್ ಬಾಕ್ಸ್ ತಂದು ಕೊಟ್ಟು, "ಬೇಜಾರಾದ್ರೆ ಆಡೋ," ಎಂದಿದ್ದ. ಆದರೆ ಮನೆಯ ಹಳೆಯ ಡುಬ್ಬ ಟಿವಿಗೆ ಅದರ ವೈರ್ ಚುಚ್ಚಲು ತೂತೇ ಇರಲಿಲ್ಲ.

ಈಗ ಅಣ್ಣ ಹುಷಾರಾಗಿದ್ದ. ಡಾಕ್ಟರ್ ಹತ್ತಿರ ಹೋಗುತ್ತೇನೆಂದು ಹೊರಟವನು ವಾಪಸ್ ಬಂದು, "ಎಲ್ಲಾ ಸರಿಯಿದೆಯಂತೆ, ಸೋಮವಾರದಿಂದ ಡ್ಯೂಟಿ," ಎಂದಿದ್ದ. ಅದೇ ಖುಷಿಗೆ ಅಮ್ಮ ಟಿವಿ ಕೊಡಿಸಲು ಹೊರಟಿದ್ದಳು.

ಅಂಗಡಿಯ ಸೇಲ್ಸ್‌ಮನ್ ಅಮ್ಮನ ಲೆಕ್ಕ ಕೇಳಿ ನಕ್ಕ.

"ಅಕ್ಕಾ, ಟಿವಿ ಅಳತೆ ಅಡ್ಡಕ್ಕೆ ತಗೊಳ್ಳಲ್ಲ. ಈ ಮೂಲೆಯಿಂದ ಆ ಮೂಲೆಗೆ, ಓರೆಯಾಗಿ. ನಲವತ್ಮೂರು ಇಂಚಿಂದು ನಿಮ್ಮ ಗೋಡೆಗೆ ಕೂರುತ್ತೆ."

ಅಮ್ಮ ನಂಬಲಿಲ್ಲ. ಕೊರಳಲ್ಲಿದ್ದ ಟೇಪು ತೆಗೆದು ಟಿವಿಯ ಅಡ್ಡ ಅಳತೆ ತೆಗೆದಳು. ಮೂವತ್ತೇಳೂವರೆ.

"ಇದೆಂಥಾ ಅಳತೆ! ನಾನು ಹೀಗೆ ಅಂಗಿ ಹೊಲಿದ್ರೆ ಜನ ಬಡಿಯೋದೇ."

ಕಡ್ಡಿ ಕುಣಿಯುವುದೊಂದು ಬಾಕಿ. ನಲವತ್ಮೂರು ಇಂಚು!

"ಗೇಮ್‌ಗೆ ಅಂದ್ರೆ ಗೇಮ್ ಮೋಡ್ ಇರೋದೇ ತಗೊಳ್ಳಿ," ಎಂದ ಸೇಲ್ಸ್‌ಮನ್. "ಇಲ್ಲಿ ಬಟನ್ ಒತ್ತಿದ ತಕ್ಷಣ ಅಲ್ಲಿ ಗಾಡಿ ತಿರುಗಬೇಕು. ತಗೊಳ್ಳಿ ಸಾರ್, ಆಡಿ ನೋಡಿ."

ಕಾರ್ ರೇಸ್. ಅಣ್ಣ ರಿಮೋಟ್ ಹಿಡಿದ. ಕಾರು ಹತ್ತು ಸೆಕೆಂಡ್ ಓಡಿ ಎಡಗಡೆಯ ತಡೆಗೋಡೆಗೆ ಬಡಿಯಿತು. ಮತ್ತೆ ಓಡಿತು, ಮತ್ತೆ ಎಡಗಡೆಗೇ. ಮೂರನೇ ಸಲ ಎಡಗಡೆಯಿಂದ ಬಂದ ಲಾರಿಗೆ ಸೀದಾ ನುಗ್ಗಿತು.

"ಏನ್ ಸಾರ್, ವ್ಯಾನ್ ಓಡಿಸೋರು ಅಂದ್ರು?" ಸೇಲ್ಸ್‌ಮನ್ ಕಿಚಾಯಿಸಿದ.

ಅಣ್ಣ ನಗಲಿಲ್ಲ. ಪಕ್ಕದ ಮೂವತ್ತೆರಡು ಇಂಚಿನ ಟಿವಿಯ ಮುಂದೆ ಹೋಗಿ ನಿಂತ. ಕೋಳಿಯಂತೆ ಕತ್ತನ್ನು ಎಡಕ್ಕೆ ಓರೆ ಮಾಡಿಕೊಂಡು ಆಡಿದ. ಒಂದೇ ಸಲ ಬಡಿಯಿತು.

"ಇದೇ ಸಾಕು," ಎಂದ.

"ಅಣ್ಣಾ! ನಲವತ್ಮೂರು ಹಿಡಿಯುತ್ತಂತೆ!"

"ಇದೇ ಸಾಕು ಅಂದೆನಲ್ಲ."

ಮಗ ಖರ್ಚು ಉಳಿಸುತ್ತಿದ್ದಾನೆಂದು ಅಮ್ಮನ ಕಣ್ಣು ತುಂಬಿತು. ಕಡ್ಡಿ ಮಾತ್ರ ಅವನ ಓರೆ ಕತ್ತನ್ನೇ ನೋಡುತ್ತಿದ್ದಳು.

ಅಮ್ಮ ಹೊಲಿದ ಯೂನಿಫಾರಂಗಳನ್ನು ಕೊಟ್ಟು ಬರಲು ಬೇರೆ ದಾರಿ ಹಿಡಿದಳು. ಅಣ್ಣ ಮತ್ತು ಕಡ್ಡಿ ಟಿವಿಯ ಡಬ್ಬವನ್ನು ಎರಡು ತುದಿಗೆ ಹಿಡಿದು ಮನೆಗೆ ಹೊರಟರು. ದೊಡ್ಡ ರಸ್ತೆಯ ಹತ್ತಿರ ಅಣ್ಣ ಒಮ್ಮೆ ನೋಡಿ ಕಾಲಿಟ್ಟುಬಿಟ್ಟ. ಎಡಗಡೆಯಿಂದ ಒಬ್ಬ ಹುಡುಗ ಸೈಕಲ್ ಮೇಲೆ ಬರುತ್ತಿದ್ದ.

"ಅಣ್ಣಾ!" ಕಡ್ಡಿ ಡಬ್ಬವನ್ನು ಹಿಂದಕ್ಕೆ ಜಗ್ಗಿದಳು.

ಬ್ರೇಕ್ ಒತ್ತಿದ ಸೈಕಲ್ ಮಗುಚಿತು. ಹುಡುಗನ ಮೊಣಕೈ ತರಚಿ ರಕ್ತ ಬಂತು. ಕಡ್ಡಿಗಿಂತ ಚಿಕ್ಕವನು. ಅಳು ನುಂಗಿಕೊಂಡು ಸೈಕಲ್ ಎತ್ತಿದ.

"ಬೆಲ್ ಹೊಡೀತಾನೇ ಇದ್ದೆ. ನೀವು ನನ್ನ ಕಡೆಗೇ ನೋಡಿದ್ರಲ್ಲ!" ಎಂದು ಹೊರಟುಹೋದ.

ಅಣ್ಣ ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಡಬ್ಬ ಇಟ್ಟು ಕೂತ. ಕಡ್ಡಿ ಅವನ ಎಡಗಡೆ ನಿಂತು ಎರಡು ಬೆರಳು ಎತ್ತಿದಳು.

"ಎಷ್ಟು ಹೇಳು."

"ಏನು ಎಷ್ಟು?"

ಕಡ್ಡಿ ಬೆರಳುಗಳನ್ನು ಮಡಿಸಿದಳು.

"ಎಡಗಡೆ ಕಾಣಲ್ಲ ಕಣೇ," ಎಂದ ಅಣ್ಣ ನೆಲ ನೋಡುತ್ತಾ. "ಮಬ್ಬೂ ಅಲ್ಲ, ಕತ್ತಲೂ ಅಲ್ಲ. ಅಲ್ಲಿ ಏನೂ ಇಲ್ವೇನೋ ಅನ್ನೋ ಹಾಗೆ."

"ಡಾಕ್ಟರ್‌ಗೆ ಗೊತ್ತಾಗಲಿಲ್ವಾ?"

"ಅಲ್ಲಿಗೆ ಹೋಗಲೇ ಇಲ್ಲ. ಹೋದ್ರೆ ವ್ಯಾನ್ ಮುಟ್ಟೋಕೆ ಬಿಡ್ತಾರಾ? ಆಮೇಲೆ ಮನೆ ಹೇಗೆ ನಡೆಯುತ್ತೆ? ಅಮ್ಮ ಈಗ್ಲೇ ಸೂಜಿಗೆ ದಾರ ಪೋಣಿಸೋಕೆ ನಿನ್ನ ಕರೀತಾಳೆ." ಅಣ್ಣ ಅವಳ ಕೈ ಹಿಡಿದುಕೊಂಡ. "ಕತ್ತು ತಿರುಗಿಸಿ ನೋಡೋದು ಕಲೀತೀನಿ. ಗೇಮಲ್ಲಿ ಪ್ರಾಕ್ಟೀಸ್ ಮಾಡ್ತೀನಿ. ಅಮ್ಮನಿಗೆ ಹೇಳಲ್ಲ ಅಂತ ಭಾಷೆ ಕೊಡು."

ಕಡ್ಡಿ ಭಾಷೆ ಕೊಟ್ಟಳು. ಕೊಡದೆ ಇರುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಆಮೇಲೆ ಮೂರು ದಿನ ಅವಳು ಮಂಚದ ಮೇಲೆ ಅಣ್ಣನ ಎಡಗಡೆ ಕೂತಳು. ಪರದೆಯಲ್ಲಿ ಎಡಗಡೆಯಿಂದ ಏನಾದರೂ ಬಂದರೆ ಅವನ ಮೊಣಕಾಲು ತಟ್ಟುವುದು ಅವಳ ಕೆಲಸ. ತಟ್ಟಿದರೆ ಅಣ್ಣ ತಪ್ಪಿಸುತ್ತಿದ್ದ. ಅವನು ಗೆದ್ದಾಗೆಲ್ಲ ಅಮ್ಮ ಹಿಂದಿನಿಂದ ತಲೆಯೆತ್ತದೆ, "ಹೊಡೀರಿ ಶಿಳ್ಳೆ," ಎನ್ನುತ್ತಿದ್ದಳು.

ತಟ್ಟದಿದ್ದರೆ ಏನಾಗುತ್ತದೆಂದು ನೋಡಲು ಕಡ್ಡಿ ಶನಿವಾರ ಎರಡು ಸಲ ಕೈ ಬಿಗಿಹಿಡಿದಳು. ಎರಡು ಸಲವೂ ಕಾರು ಬಡಿಯಿತು. ಆಟದಲ್ಲಿ ಕಾರು ಬಡಿದರೆ ಗಾಜು ಚೂರಾಗಿ, ಐದು ಸೆಕೆಂಡಿಗೆ ಎಲ್ಲ ಮತ್ತೆ ಹೊಸದಾಗುತ್ತದೆ. ಮೊಣಕೈ ತರಚಿದ ಹುಡುಗ ಅವಳಿಗೆ ನೆನಪಾದ.

ಭಾನುವಾರ ಸಂಜೆ ಅಮ್ಮ ಅಣ್ಣನ ಡ್ಯೂಟಿ ಶರ್ಟಿನ ಹೊಲಿಗೆ ಬಿಚ್ಚುತ್ತಾ ಕೂತಿದ್ದಳು. ಅಣ್ಣ ಸೊರಗಿದ್ದ, ಪಕ್ಕಗಳನ್ನು ಒಳಗೆ ಹಿಡಿಯಬೇಕಿತ್ತು.

"ಅಮ್ಮಾ," ಎಂದಳು ಕಡ್ಡಿ. "ಒಂದ್ಸಲ ಇಲ್ಲಿ ಬಂದು ನೋಡು. ಅಣ್ಣ ಆಡೋದು."

"ಕೆಲಸ ಇದೆ ಕಣೇ."

"ಒಂದೇ ಒಂದ್ಸಲ."

ಅಮ್ಮ ಟೇಪು ಕೊರಳಿಗೆ ಹಾಕಿಕೊಂಡು ಬಂದು ನಿಂತಳು. ಅಣ್ಣ ಹುಮ್ಮಸ್ಸಿನಿಂದ ಆಟ ಶುರುಮಾಡಿದ.

ಕಡ್ಡಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

ಕಾರು ಎಡಗಡೆಗೆ ಬಡಿಯಿತು. ಅಣ್ಣನ ಮೊಣಕಾಲು ಅವಳ ಕಡೆಗೆ ಸ್ವಲ್ಪ ಸರಿಯಿತು, ಕಾಯಿತು. ಕಾರು ಮತ್ತೆ ಬಡಿಯಿತು.

"ಕಡ್ಡೀ," ಎಂದ ಅಣ್ಣ ಮೆಲ್ಲಗೆ.

ಅವಳು ಕೈ ಹೊರತೆಗೆಯಲಿಲ್ಲ. ಎಡಗಡೆಯ ಅಡ್ಡರಸ್ತೆಯಿಂದ ದೊಡ್ಡ ಬಸ್ಸೊಂದು ಬಂತು. ಪರದೆಯ ಕಾಲು ಭಾಗ ಅದೇ ತುಂಬಿತ್ತು. ಅಣ್ಣ ವೇಗ ಹೆಚ್ಚಿಸಿದ.

ಗಾಜು ಒಡೆಯುವ ಸದ್ದು ಮುಗಿಯಿತು. ಅಮ್ಮ ಕೊರಳಿನಿಂದ ಟೇಪು ತೆಗೆದು, ಅದರ ತುದಿಯನ್ನು ಅಣ್ಣನ ಎಡಗಡೆ, ಕೆನ್ನೆಯ ಹತ್ತಿರಕ್ಕೇ ಚಾಚಿದಳು.

"ಹಿಡ್ಕೋ."

"ಏನನ್ನ?" ಎಂದ ಅಣ್ಣ, ಬಲಗಡೆಗೆ ಕೈ ನೀಡುತ್ತಾ.

ಅಮ್ಮ ಕೂಗಾಡಲಿಲ್ಲ. ಹೋಗಿ ಯಂತ್ರದ ಮುಂದೆ ಕೂತು, ಅರ್ಧ ಹಿಡಿದಿದ್ದ ಶರ್ಟನ್ನು ಮಡಿಸಿ, ಬೀರುವಿನ ಅಡಿಯ ಖಾನೆಗೆ ಹಾಕಿದಳು.

ಸೋಮವಾರ ಬೆಳಿಗ್ಗೆ ಆರಕ್ಕೆ, ಅಣ್ಣನನ್ನು ಕರೆದೊಯ್ಯಲು ಬಂದ ಜೊತೆಯ ಡ್ರೈವರ್ ಕೆಳಗೆ ವ್ಯಾನ್ ಹಾರ್ನ್ ಮಾಡಿದ. ಅಣ್ಣ ಏಳಲಿಲ್ಲ. ಅಮ್ಮನೇ ಇಳಿದು ಹೋದಳು. ಅವಳು ಏನು ಹೇಳಿದಳೋ, ಅಷ್ಟು ಮೇಲಿನ ಮನೆಗೆ ಕೇಳಿಸಲಿಲ್ಲ. ವ್ಯಾನ್ ಹೊರಟ ಸದ್ದು ಮಾತ್ರ ಕೇಳಿಸಿತು.

ಅಣ್ಣ ಮಂಚದ ಮೇಲೆ ಎದ್ದು ಕೂತ. ಆರಿದ ಟಿವಿಯನ್ನೇ ನೋಡುತ್ತಿದ್ದ. ರಾತ್ರಿಯಿಂದ ಅವನು ಕಡ್ಡಿಯೊಂದಿಗೆ ಮಾತಾಡಿರಲಿಲ್ಲ. ಅವಳು ಎಂದಿನಂತೆ ಅವನ ಎಡಗಡೆ ಕೂತಿದ್ದಳು. ಅವಳು ಅಲ್ಲಿರುವುದು ಅವನಿಗೆ ಗೊತ್ತೇ ಇರಲಿಲ್ಲವೇನೋ. ಶಾಲೆಯ ಹೊತ್ತಾಗುವವರೆಗೆ ಅಲ್ಲೇ ಕೂತಿದ್ದು, ಸದ್ದಿಲ್ಲದೆ ಎದ್ದು ಹೋಗಬಹುದಿತ್ತು.

ಕಡ್ಡಿ ಎದ್ದಳು. ಮಂಚವನ್ನು ಬಳಸಿಕೊಂಡು ಬಂದು ಅವನ ಬಲಗಡೆ ಕೂತಳು. ಅವನು ಬೈಯಲು ಬಯಸಿದರೆ ಅವಳ ಮುಖ ಅವನಿಗೆ ಕಾಣಬೇಕಲ್ಲ.