ನನ್ನ ಪಾಲಿನ ಮಲ್ಬೆರಿ

"ಮತ್ತೆ ಫೇಲ್! ಹಣ್ಣಿಗೆ ನೀವು ಎಂತ ಮಾಡ್ತೀರಿ ಮಾರಾಯ್ರೇ?"

ಬೋವಿಕಾನದಲ್ಲಿ ಬಸ್ಸಿಳಿದು, ಬಿಸಿಲಿನಲ್ಲಿ ಗುಡ್ಡ ಹತ್ತಿ ಬಂದ ನನ್ನ ಮೊದಲ ಮಾತೇ ಇದು. ವಿಷ್ಣುಪ್ರಸಾದ ಶೆಡ್ಡಿನ ಬಾಗಿಲಲ್ಲಿ ನಿಂತು ನಗುತ್ತಿದ್ದ. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮನೆಗೆ ಹೋದ ಮೇಲೆ ಅದೇ ನಗು ನೆನಪಾಗುತ್ತದೆ, ಅದು ಇನ್ನೊಂದು ಕರ್ಮ.

"ನೀವು ಹೇಳಿದ ಹಾಗೇ ಮಾಡುದು ಸುಪ್ರೀತಾ."

ಮಲ್ಬೆರಿ ತೊಳೆದರೆ ಬೇಗ ಕೊಳೆಯುತ್ತದೆ, ತೊಳೆಯದಿದ್ದರೆ ಬ್ಯಾಕ್ಟೀರಿಯಾ. ಅದಕ್ಕೇ ನಮ್ಮ ಲ್ಯಾಬಿನವರು ಅವನ ತೋಟದಲ್ಲಿ, ನೀರಿಲ್ಲದೆ ಬ್ಯಾಕ್ಟೀರಿಯಾ ಕೊಲ್ಲುವ ಯುವಿ ಲೈಟಿನ ಪೆಟ್ಟಿಗೆ ಇಟ್ಟದ್ದು. ಹಣ್ಣನ್ನು ಒಂದೇ ಪದರವಾಗಿ ಹರಡಿ ಬೆಳಕಿಗಿಟ್ಟು, ಮಗುಚಿ ಇನ್ನೊಮ್ಮೆ ಇಟ್ಟರೆ ಮುಗಿಯಿತು. ಐಸ್‌ಕ್ರೀಮ್ ಅಂಗಡಿಯವರು ಅವನ ಹಣ್ಣನ್ನು ಹೊಗಳುತ್ತಾರೆ. ಪರೀಕ್ಷೆಗೆಂದು ನನ್ನ ಕೈಗೆ ಕೊಟ್ಟ ಬಾಕ್ಸಿನಲ್ಲಿ ಮಾತ್ರ ಬ್ಯಾಕ್ಟೀರಿಯಾದ ಸಂತೆ.

"ಇವತ್ತಿನದ್ದು ಕೊನೆಯ ಸ್ಯಾಂಪಲ್. ಇದೂ ಫೇಲಾದ್ರೆ ಪೆಟ್ಟಿಗೆ ವಾಪಸ್. ನಾನೂ ಇನ್ನು ಬರುದಿಲ್ಲ."

ಅವನ ನಗು ಅಲ್ಲಿಗೇ ನಿಂತಿತು. "ನೀವೂ ಬರುದಿಲ್ವಾ?"

"ಬಂದು ಎಂತ ಮಾಡ್ಲಿಕ್ಕೆ ಉಂಟು?"

ಯಾವಾಗಲೂ ನಾನು ಬರುವಷ್ಟರಲ್ಲಿ ಬಾಕ್ಸು ತಯಾರಿರುತ್ತಿತ್ತು. ಇವತ್ತು ಎದುರೇ ನಿಂತೆ. ಅವನು ಒಂದೊಂದೇ ಹಣ್ಣು ಹರಡಿದ. ಲೈಟು ಹೊತ್ತಿದ ಮೇಲೆ ಇಣುಕಲು ಹೋದ.

"ಮುಚ್ಚಿ! ಕಣ್ಣು ಬೇಡವಾ ನಿಮಗೆ?"

"ಬೇಕು. ನಿಮ್ಮನ್ನು ನೋಡ್ಲಿಕ್ಕೆ ಬೇಕಲ್ಲ."

ನಾನು ಕೇಳಿಸದವಳಂತೆ ಗಡಿಯಾರ ನೋಡಿದೆ. ಕೆನ್ನೆ ಬಿಸಿಯಾಗಿತ್ತು.

ಎಲ್ಲವೂ ಸರಿಯಾಗಿಯೇ ನಡೆಯಿತು. ಹಣ್ಣು ಬಾಕ್ಸಿಗೆ ಬಿತ್ತು. ಅಷ್ಟರಲ್ಲಿ ಅವನು ಪಕ್ಕದ ತಂಬಿಗೆಯಲ್ಲಿ ಬೆರಳದ್ದಿ, ಹಣ್ಣಿನ ಮೇಲೆ ನೀರು ಚಿಮುಕಿಸಿ, ಮುಚ್ಚಳ ಹಾಕಿ ನನ್ನತ್ತ ಚಾಚಿದ!

"ಅಯ್ಯೋ, ಎಂತ ಹಾಕಿದ್ದು ಅದು?"

"ಬಾವಿ ನೀರು. ಈಗಷ್ಟೇ ಸೇದಿದ್ದು, ಶುದ್ಧ."

"ಆ ಶುದ್ಧ ನೀರಿನಲ್ಲಿ ಎಂತೆಲ್ಲ ಉಂಟು ಅಂತ ಮೈಕ್ರೋಸ್ಕೋಪಿನಲ್ಲಿ ತೋರಿಸ್ಲಾ? ಅಂಗಡಿಯ ಬಾಕ್ಸಿಗೂ ಹಾಕ್ತೀರಾ?"

"ಛೆ, ಅದು ವ್ಯಾಪಾರ. ಅದಕ್ಕೆಂತಕ್ಕೆ ನೀರು?"

"ಮತ್ತೆ ನನ್ನದಕ್ಕೆ?"

ಅವನ ಕಿವಿ ಕೆಂಪಾಯಿತು. "ನಮ್ಮಲ್ಲಿ ದಾನ ಕೊಡುವಾಗ ನೀರು ಬಿಟ್ಟೇ ಕೊಡುದಲ್ವಾ? ಅಜ್ಜನಿಂದ ಬಂದ ಅಭ್ಯಾಸ. ಮನಸ್ಸಿಟ್ಟು ಎಂತಾದ್ರೂ ಕೊಡ್ಲಿಕ್ಕಿದ್ರೆ ಕೈ ತನ್ನಷ್ಟಕ್ಕೇ ತಂಬಿಗೆಗೆ ಹೋಗ್ತದೆ. ಬೇಕೂಂತ ಮಾಡಿದ್ದಲ್ಲ."

ಆ ಬಾಕ್ಸನ್ನು ಕಸಿದು ಪಕ್ಕಕ್ಕಿಟ್ಟೆ. ಇಷ್ಟು ದಿನ ನನ್ನ ಸಂಶೋಧನೆಯನ್ನು ಮಣ್ಣುಪಾಲು ಮಾಡಿದ್ದು ಈ ಮನುಷ್ಯನ ಪ್ರೀತಿ! ಪೆದ್ದ, ಶುದ್ಧ ಪೆದ್ದ. ಇವನನ್ನೇ ಇಷ್ಟಪಟ್ಟೆನಲ್ಲ ಎಂದು ನನ್ನ ಮೇಲೂ ಸಿಟ್ಟು ಬಂತು.

"ಹೋಗಿ, ಬೇರೆ ಹಣ್ಣು ಕೊಯ್ದು ತನ್ನಿ. ಬಸ್ಸಿಗೆ ಹೊತ್ತುಂಟು."

ಓಡಿದ. ಎರಡನೆಯ ಸಲ ಅವನನ್ನು ಕೈ ಹಿಂದೆ ಕಟ್ಟಿ ನಿಲ್ಲಿಸಿ, ಬಾಕ್ಸನ್ನು ನಾನೇ ಮುಚ್ಚಿದೆ.

"ಪಾಸಾದ್ರೆ ಬರ್ತೀರಲ್ಲ?"

"ಆಗದಿದ್ರೂ ಬರ್ತೇನೆ."

ಆ ನಗು ಮರಳಿತು. ಆದರೂ ಗೊಣಗಿದ, "ನೀರು ಬಿಡದಿದ್ರೆ ಕೊಟ್ಟ ಹಾಗೇ ಆಗುದಿಲ್ಲ ನನಗೆ."

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ವಿಷ್ಣುಪ್ರಸಾದರೇ, ನೀರು ಬೀಳಲೇಬೇಕಿದ್ರೆ ಬರುವ ಆದಿತ್ಯವಾರ ಮಧೂರಿನ ನಮ್ಮ ಮನೆಗೆ ಬಂದು ಅಪ್ಪನ ಹತ್ರ ಮಾತಾಡಿ. ಧಾರೆಯ ದಿನ ಅವರೇ ಬೇಕಾದಷ್ಟು ನೀರೆರೆದು ಕೊಡ್ತಾರೆ. ಅಲ್ಲಿವರೆಗೆ ನನ್ನ ಮಲ್ಬೆರಿಯ ಸುದ್ದಿಗೆ ಬರಬೇಡಿ!"